ತೆರಿಗೆಯೂ ಅದರ ದಿಬ್ಬಣವೂ

ಅರಸೀಕೆರೆ ಕಡೆಯವರ ಬಾಯಿ ಬಿಡಿಸಬೇಕೆಂದರೆ ಕೊಬ್ಬರಿ ರೇಟು ಎಷ್ಟಿದೆ ಅಂತ ಕೇಳಿ. ಮಂಡಿಯಿಂದ ಹಿಡಿದು ದಿಲ್ಲಿಯವರೆಗೆ ಎಲ್ಲರ ಜಾತಕವನ್ನೂ ಬಿಚ್ಚಿಡುತ್ತಾರೆ. ಮಾತು ತಿರುಗಿಸಬೇಕೆಂದರೆ ಹೋದ ವರ್ಷ ಕೊಬ್ಬರಿಯಿಂದ ಒಟ್ಟು ಎಷ್ಟು ಬಂತು ಅಂತ ಕೇಳಿ. ತಕ್ಷಣ ನುಸಿಪೀಡೆ ಬರುತ್ತದೆ, ಕಪ್ಪುತಲೆ ಹುಳ ಬರುತ್ತದೆ, ಕಾಯಿ ಕೀಳುವ ಆಳು ಸಿಗದ ಕಥೆ ಬರುತ್ತದೆ. ಮೊತ್ತ ಮಾತ್ರ ಬರುವುದಿಲ್ಲ. ಜಾವಗಲ್ ದಾಟಿ, ಹಳೇಬೀಡಿನ ಮೇಲೆ ಬೇಲೂರಿಗೆ ಹೋದರೆ ಕೊಬ್ಬರಿ ಇದ್ದ ಕಡೆ ಕಾಫಿ ಅಂತ ಹಾಕಿಕೊಳ್ಳಿ. ಅಲ್ಲಿ ಕಾಂಡಕೊರಕ, ಅಕಾಲ ಮಳೆ, ಜೊತೆಗೆ ಆನೆ. ಮೊತ್ತ ಅಲ್ಲಿಯೂ ಇಲ್ಲ.

ಇಂಥ ನಾಡಿಗೆ ಬಂದು ಆದಾಯ ತೆರಿಗೆ ರಿಟರ್ನ್ಸ್ ಎಂಬ ಫಾರಂ ನೇರವಾಗಿ ಅದನ್ನೇ ಕೇಳುತ್ತದೆ: ಎಷ್ಟು ಬಂತು?

ಕೃಷಿ ಆದಾಯ 5,000 ರೂಪಾಯಿ ದಾಟಿತೋ, ಪುಟ್ಟ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2ಕ್ಕೆ ಬಡ್ತಿ. 5 ಲಕ್ಷ ದಾಟಿದರೆ ಜಮೀನು ಯಾವ ಜಿಲ್ಲೆ, ಪಿನ್‌ಕೋಡ್ ಏನು, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ, ಎಲ್ಲ ಬರೆಯಬೇಕು. ನೀರಾವರಿಯೋ ಮಳೆಯಾಶ್ರಿತವೋ ಅಂದರೆ ನಮ್ಮ ತಾಲ್ಲೂಕಿನವನು ಏನಂತ ಬರೆದಾನು? ಅವನಿಗೊಂದು ಮೂರನೇ ಕಲಂ ಬೇಕಿತ್ತು: ‘ಬೋರ್ ಕೊರೆಸಲಾಗಿದೆ, ಧೂಳು ಬಂದಿದೆ.’

ಆಡಿಟರ್ ಆಫೀಸಿನಲ್ಲಿ ಜುಲೈ ತಿಂಗಳಿಡೀ ನಡೆಯುವ ಸಂಭಾಷಣೆ ಹೀಗಿರುತ್ತದೆ.

‘ಸಾರ್, ತೋಟದ ದುಡ್ಡಿಗೆ ಟ್ಯಾಕ್ಸ್ ಇಲ್ಲ ಅಲ್ವಾ?’

‘ಇಲ್ಲ.’

‘ಮತ್ತೆ ಯಾಕೆ ಬರೀಬೇಕು?’

‘ನಿಮ್ಮ ಹುಡುಗನ ಸಂಬಳಕ್ಕೆ ಜಾಸ್ತಿ ಟ್ಯಾಕ್ಸ್ ಹಾಕೋಕೆ.’

ಇದು ತಮಾಷೆಯಲ್ಲ, 1973ರಿಂದ ನಡೆದುಬಂದ ಲೆಕ್ಕ. ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ತೋಟದ ಪಹಣಿ ಅವನ ಹೆಸರಿಗಾಗಿದೆ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸಂಬಳ 14 ಲಕ್ಷ ಅಂತಿಟ್ಟುಕೊಳ್ಳಿ. 2025-26ರ ಗಳಿಕೆಗೆ ಹೊಸ ಪದ್ಧತಿಯಲ್ಲಿ ತೆರಿಗೆ 90,000. ತೋಟದಿಂದ 2 ಲಕ್ಷ ಬಂದಿದೆ. ಎರಡನ್ನೂ ಕೂಡಿಸಿ 16 ಲಕ್ಷಕ್ಕೆ ಲೆಕ್ಕ ಹಾಕಿದರೆ 1,20,000. ಆಮೇಲೆ ತೋಟದ 2 ಲಕ್ಷಕ್ಕೆ ಎಲ್ಲರಿಗೂ ಸಿಗುವ 4 ಲಕ್ಷದ ವಿನಾಯಿತಿ ಸೇರಿಸಿ, ಆ 6 ಲಕ್ಷಕ್ಕೆ ಬರುವ 10,000ವನ್ನು ಇದರಲ್ಲಿ ಕಳೆಯಬೇಕು. ಉಳಿದದ್ದು 1,10,000. ತೋಟಕ್ಕೆ ತೆರಿಗೆ ಇಲ್ಲ, ನಿಜ. ತೋಟ ಇದ್ದದ್ದಕ್ಕೆ ಸಂಬಳದ ಮೇಲೆ 20,000 ಏರಿತು. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದಲ್ಲಿ ರಾಜ್ಯದ್ದು, ಕೇಂದ್ರ ಅದನ್ನು ಮುಟ್ಟುವಂತಿಲ್ಲ. ಮುಟ್ಟುವುದೂ ಇಲ್ಲ. ಬೇಲಿಯಾಚೆ ನಿಂತು ಕಾಯಿ ಎಣಿಸುತ್ತದೆ, ಅಷ್ಟೇ.

ಬೇಲೂರಿನ ಕಾಫಿಯವರದು ಇನ್ನೂ ಸೊಗಸು. ಬೆಳೆದದ್ದನ್ನು ಹಾಗೇ ಮಾರಿದರೆ ಪೂರ್ತಿ ಕೃಷಿ. ಬೆಳೆದವರೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇ. 25 ವ್ಯಾಪಾರ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. 1962ರ ನಿಯಮಾವಳಿಯ 7ಬಿ ಇಷ್ಟಕ್ಕೇ ನಿಲ್ಲದೆ, ಚಿಕೋರಿ ಬೆರೆಸಿದರೂ ಸರಿ ಬೆರೆಸದಿದ್ದರೂ ಸರಿ ಅಂತ ಬಾಯಿಬಿಟ್ಟು ಹೇಳುತ್ತದೆ. ಹೋಟೆಲಿನವರು ಗುಟ್ಟಾಗಿ ಮಾಡುವ ಕೆಲಸವನ್ನು ಕಾನೂನು ಹೀಗೆ ಬಹಿರಂಗವಾಗಿ ಒಪ್ಪಿಕೊಂಡದ್ದು ಅಪರೂಪ.

ಇರಲಿ, ತೆರಿಗೆ ಅಂತೂ ಗೊತ್ತಾಯಿತು, ಕಟ್ಟಿ ಕೈತೊಳೆದುಕೊಳ್ಳೋಣ ಅಂದಿರಾ? ತೆರಿಗೆ ಒಂಟಿಯಾಗಿ ಬರುವ ಜಾತಿಯಲ್ಲ. ಮದುವೆಗೆ ಗಂಡೊಬ್ಬನನ್ನೇ ಕರೆದರೂ ದಿಬ್ಬಣವೇ ಬಂದಿಳಿಯುತ್ತದಲ್ಲ, ಹಾಗೆ.

ಮೊದಲು ಇಳಿಯುವವನು ಸೆಸ್. 2004ರಲ್ಲಿ ಶಿಕ್ಷಣದ ಹೆಸರು ಹೇಳಿಕೊಂಡು ಶೇ. 2 ಆಗಿ ಬಂದ. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಅಂತ ಇನ್ನೊಂದು ಸೇರಿ 3 ಆಯಿತು. 2018ರಲ್ಲಿ ಆರೋಗ್ಯವನ್ನೂ ಜೊತೆಗೆ ಕಟ್ಟಿಕೊಂಡು 4 ಆದ. ಬಂದವನು ಹೋದದ್ದಿಲ್ಲ. ನಮ್ಮ ಹುಡುಗನ ಹೆಚ್ಚುವರಿ 20,000 ಇವನ ದೆಸೆಯಿಂದ 20,800. ಹಿಂದೆಯೇ ಸರ್‌ಚಾರ್ಜ್ ಎಂಬ ದೊಡ್ಡ ಬೀಗರು. ಇವರು 50 ಲಕ್ಷದ ಮೇಲಿನವರ ಮನೆಗೆ ಮಾತ್ರ ಕಾಲಿಡುವುದು. ನಮ್ಮ ಸೀಮೆಯಲ್ಲಿ ಅಂಥವರು ಯಾರ್‍ಯಾರು ಅಂತ ಊರಿಗೆಲ್ಲ ಗೊತ್ತು, ಅವರ ರಿಟರ್ನ್ಸಿಗೆ ಮಾತ್ರ ಗೊತ್ತಿಲ್ಲ. ಇವರಿಬ್ಬರ ಇನ್ನೊಂದು ಗುಣವೆಂದರೆ, ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲುಂಟು. ಸೆಸ್ಸು, ಸರ್‌ಚಾರ್ಜಿನಲ್ಲಿ ಇಲ್ಲ. ಉಂಡು ನೇರ ದಿಲ್ಲಿಗೆ.

ಆಮೇಲೆ 1961ರ ಕಾಯ್ದೆಯ ಸೆಕ್ಷನ್ 234ರ ಮನೆತನದ ಅಣ್ಣತಮ್ಮಂದಿರು: ಎ, ಬಿ, ಸಿ. ರಿಟರ್ನ್ಸ್ ತಡವಾದರೆ ಎ. ಅಡ್ವಾನ್ಸ್ ಟ್ಯಾಕ್ಸ್ ಶೇ. 90 ಆದರೂ ಕಟ್ಟದಿದ್ದರೆ ಬಿ. ಕಂತು ತಪ್ಪಿಸಿದರೆ ಸಿ. ಮೂವರೂ ತಿಂಗಳಿಗೆ ಶೇ. 1. ತಿಂಗಳು ಅಂದರೆ ಪೂರ್ತಿ ತಿಂಗಳೇ ಆಗಬೇಕಿಲ್ಲ. ಒಂದು ದಿನ ಮೀರಿದರೂ ಅದು ತಿಂಗಳೇ. ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ರೊಳಗೆ 45, ಡಿಸೆಂಬರ್ 15ರೊಳಗೆ 75, ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿರಬೇಕು. ಜೂನ್ 15ಕ್ಕೆ ಬೇಲೂರಿನ ಕಾಫಿ ಗಿಡದಲ್ಲಿ ಏನಿರುತ್ತದೆ? ಎಳೆ ಹಸಿರು ಕಾಯಿ. ಮಳೆ ಅದನ್ನು ಉಳಿಸುತ್ತದೋ ಉದುರಿಸುತ್ತದೋ ಗಿಡಕ್ಕೇ ತಿಳಿಯದು. ಕ್ಯೂರಿಂಗ್ ಮಾಡಿಸುವ ಬೆಳೆಗಾರ ಮಾತ್ರ ಮಾರ್ಚ್‌ವರೆಗಿನ ಲಾಭವನ್ನು ಆಗಲೇ ಕಣ್ಣಾರೆ ಕಂಡಿರಬೇಕು.

ಅರಸೀಕೆರೆಯ ನಿವೃತ್ತ ಮೇಷ್ಟ್ರು ಈ ಮಾತಿಗೆ ನಗುತ್ತಾರೆ, ನಗಲಿ. 60 ದಾಟಿ, ವ್ಯಾಪಾರದ ಆದಾಯವಿಲ್ಲದವರಿಗೆ ಅಡ್ವಾನ್ಸ್ ಟ್ಯಾಕ್ಸ್ ಇಲ್ಲ. ಹಾಗಾಗಿ ಬಿ, ಸಿ ಹತ್ತಿರ ಸುಳಿಯುವುದಿಲ್ಲ. ಆದರೆ ಮೇಷ್ಟ್ರಿಗೆ ಬೇರೆ ಭ್ರಮೆಯುಂಟು. ‘ಎಫ್‌ಡಿಗೆ ಬ್ಯಾಂಕಿನವರೇ ಟಿಡಿಎಸ್ ಹಿಡ್ಕೊಂಡಿದಾರೆ, ನನ್ನದು ಮುಗೀತು’ ಅಂತ. ಬ್ಯಾಂಕು ಹಿಡಿಯುವುದು ಶೇ. 10. ಮೇಷ್ಟ್ರ ಪಿಂಚಣಿ ಅವರನ್ನು ಅದಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂರಿಸಿದ್ದರೆ ಉಳಿದದ್ದನ್ನು ಅವರೇ ಕಟ್ಟಬೇಕು. ಗಡುವು ಮೀರಿದರೆ ಎ ಬರುತ್ತಾನೆ, ಜೊತೆಗೆ 234ಎಫ್ ಎಂಬ 5,000 ರೂಪಾಯಿಯ ಶುಲ್ಕ. ಆದಾಯ 5 ಲಕ್ಷದೊಳಗಿದ್ದರೆ 1,000.

ಇವರೆಲ್ಲ ಸಾಲದೆಂದು, ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೂ ಬರುವ ಒಬ್ಬನಿದ್ದಾನೆ. 2022ರಲ್ಲಿ ಹುಟ್ಟಿದ ಐಟಿಆರ್-ಯು. ಹಳೆಯ ರಿಟರ್ನ್ಸಿನಲ್ಲಿ ಬರೆಯದೆ ಬಿಟ್ಟ ಆದಾಯ ಈಗ ನೆನಪಾಯಿತೇ? ಬನ್ನಿ, ಬರೆಯಿರಿ, ನಿಮ್ಮನ್ನು ನಂಬುತ್ತೇವೆ ಅನ್ನುತ್ತದೆ ಸರ್ಕಾರ. ನಂಬಿಕೆಗೂ ರೇಟುಂಟು. ಅಸೆಸ್‌ಮೆಂಟ್ ವರ್ಷ ಮುಗಿದು 12 ತಿಂಗಳೊಳಗೆ ಬಂದರೆ ತೆರಿಗೆ, ಬಡ್ಡಿ ಸೇರಿದ ಮೊತ್ತದ ಮೇಲೆ ಶೇ. 25 ಹೆಚ್ಚುವರಿ ತೆರಿಗೆ. ಎರಡನೇ ವರ್ಷ 50. 2025ರಲ್ಲಿ ಮಾಡಿದ ತಿದ್ದುಪಡಿಯಂತೆ ಮೂರನೇ ವರ್ಷ 60, ನಾಲ್ಕನೇ ವರ್ಷ 70. ಆತ್ಮಸಾಕ್ಷಿ ತಡವಾಗಿ ಎದ್ದಷ್ಟೂ ದುಬಾರಿ. ನಾವು ಕೊಡಬೇಕಾದದ್ದು ನೆನಪಾದರೆ ಮಾತ್ರ ಈ ಬಾಗಿಲು. ನಮಗೇ ರಿಫಂಡ್ ಬರಬೇಕಿತ್ತು ಅಂತ ನೆನಪಾದರೆ ಇಲ್ಲಿ ಪ್ರವೇಶವಿಲ್ಲ.

‘ಹಿಂದಿನ ಕಾಲವೇ ಚೆನ್ನಾಗಿತ್ತು’ ಅಂತ ಯಾರೋ ಅಂದರೆ, ದಯವಿಟ್ಟು ಅವರನ್ನು ಹೊಯ್ಸಳರ ಯಾವುದಾದರೂ ಶಾಸನದ ಮುಂದೆ ನಿಲ್ಲಿಸಿ. 1117ರ ಬೇಲೂರಿನ ಗುಡಿಗೂ ಹಳೇಬೀಡಿನದಕ್ಕೂ 2023ರಲ್ಲಿ ವಿಶ್ವಪರಂಪರೆಯ ಪಟ್ಟ ಸಿಕ್ಕಿತು. ನಾವು ಹೋಗಿ ಮದನಿಕೆಯರ ಜೊತೆ ಸೆಲ್ಫಿ ತೆಗೆದು ಬರುತ್ತೇವೆ, ಶಾಸನದ ಕಲ್ಲಿನ ಹತ್ತಿರ ಚಪ್ಪಲಿ ಬಿಡುವ ಜಾಗ ಎಲ್ಲಿ ಅಂತ ಕೇಳುತ್ತೇವೆ. ಆ ಕಾಲದ ಶಾಸನಗಳನ್ನು ಓದಿದರೆ ಸಿದ್ಧಾಯ, ಹೆಜ್ಜುಂಕ, ಗಾಣದೆರೆ, ಮಗ್ಗದೆರೆ, ಮದುವೆ ಸುಂಕ, ಆನೆಯ ಸೇಸೆ, ಕುದುರೆಯ ಸೇಸೆ ಅಂತ ಆಗಲೂ ದಿಬ್ಬಣವೇ. ವ್ಯತ್ಯಾಸ ಒಂದೇ. ಇಂಥ ಪಟ್ಟಿಯನ್ನು ಕಲ್ಲಿನಲ್ಲಿ ಕಡೆಯುತ್ತಿದ್ದದ್ದು ಹೆಚ್ಚಾಗಿ ದೊರೆ ಆ ತೆರಿಗೆಗಳನ್ನು ದೇವಸ್ಥಾನಕ್ಕೋ ಅಗ್ರಹಾರಕ್ಕೋ ಬಿಟ್ಟುಕೊಟ್ಟಾಗ. ಗಾಣದವನಿಗೆ ಕೊಡುವುದು ತಪ್ಪಲಿಲ್ಲ, ಈಸಿಕೊಳ್ಳುವ ಕೈ ಬದಲಾಯಿತು. ಆದರೂ ಕಲ್ಲಿನ ಮೇಲೆ ಅದು ದಾನದ ಪಟ್ಟಿ. ಪೋರ್ಟಲಿನಲ್ಲಿ ಇಂಥ ಪಟ್ಟಿ ತೆರೆದುಕೊಂಡರೆ ಯಾರೂ ದಾನ ಅಂದುಕೊಳ್ಳುವುದಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅಂತ ಗಾದೆ ಕಟ್ಟಿದ ಹಿರಿಯರಿಗೆ ಒಂದು ಸುಖವಿತ್ತು: ಎದುರಿಗೆ ಸುಂಕದವನಿದ್ದ. ಕೇಳದಿದ್ದರೂ ಹೇಳಿಕೊಳ್ಳಬಹುದಿತ್ತು, ಅವನು ಬೆನ್ನು ತಿರುಗಿಸಿದ ಮೇಲೆ ಬೈಯಬಹುದಿತ್ತು. ಈಗ? ತೆರಿಗೆ ಎಷ್ಟೆಂದು ನಾವೇ ಲೆಕ್ಕ ಹಾಕಬೇಕು. ನಮ್ಮ ತಪ್ಪಿಗೆ ಬಡ್ಡಿಯನ್ನು ನಾವೇ ವಿಧಿಸಿಕೊಳ್ಳಬೇಕು. ಚಲನ್ ನಾವೇ ಕಟ್ಟಿ, ಬ್ಯಾಂಕಿನ ಏಳು ಅಂಕೆಯ ಬಿಎಸ್‌ಆರ್ ಕೋಡ್, ಐದು ಅಂಕೆಯ ಚಲನ್ ನಂಬರ್, ತಾರೀಖು ಸಮೇತ ರಿಟರ್ನ್ಸಿನಲ್ಲಿ ನಾವೇ ನಮೂದಿಸಬೇಕು. ಕಟ್ಟಿದ್ದನ್ನು ಬರೆಯಲು ಮರೆತರೆ ಕಟ್ಟಿಯೂ ಬಾಕಿದಾರರು. ಬೆಂಗಳೂರಿನ ತೆರಿಗೆ ಕೇಂದ್ರದಿಂದ ಬಾಕಿ ಕಟ್ಟಿ ಎಂಬ 143(1)ರ ಓಲೆ ಬರುತ್ತದೆ. ಬ್ಯಾಂಕಿನ ಬಡ್ಡಿ, ಷೇರಿನ ಡಿವಿಡೆಂಡು 2021ರಿಂದ ಎಐಎಸ್ ಎಂಬ ಪಟ್ಟಿಯಲ್ಲಿ ಮೊದಲೇ ಕೂತಿವೆ, ಬಚ್ಚಿಡುವಂತಿಲ್ಲ. ತೋಟದ ಬೇಲಿ ಪಕ್ಕ ಎಳನೀರು ಮಾರಿದ್ದು ಅಲ್ಲಿಲ್ಲ. ಅದಕ್ಕೆ ಸುಂಕದವನೂ ನಾವೇ, ಸಾಕ್ಷಿಯೂ ನಾವೇ. ಕನ್ನಡಿ ಮುಂದೆ ನಿಂತು ನುಸಿಪೀಡೆಯ ಕಥೆ ಎಷ್ಟು ಹೊತ್ತು ಹೇಳಲಾದೀತು?

ಹಾಗಂತ ಸರ್ಕಾರಕ್ಕೆ ಕರುಣೆಯೇ ಇಲ್ಲ ಅಂದರೆ ಪಾಪ ಬಂದೀತು. ಬಡ್ಡಿ ಲೆಕ್ಕ ಹಾಕುವಾಗ ನೂರರ ಮೇಲಿನ ಚಿಲ್ಲರೆ ಬಿಡುತ್ತಾರೆ. ಬಡ್ಡಿಯ ಮೇಲೆ ಸೆಸ್ ಇಲ್ಲ. 1961ರ ಕಾಯ್ದೆ ಹಳತಾಯಿತೆಂದು 2025ರಲ್ಲಿ ಹೊಸದನ್ನು ತಂದು, 2026ರ ಏಪ್ರಿಲ್ 1ರಿಂದ ಜಾರಿ ಮಾಡಿದ್ದಾರೆ. ಮನೆ ಹೊಸದು, ನೆಂಟರು ಹಳಬರೇ.

ಹೊಯ್ಸಳ ಮೂರನೇ ನರಸಿಂಹ 1279ರಲ್ಲಿ ಒಂದು ಕೆಲಸ ಮಾಡಿದ. ಕಾಶಿಯಲ್ಲಿದ್ದ ನಮ್ಮವರಿಗೆ ಅಲ್ಲಿನ ತುರುಷ್ಕರು ತೆರಿಗೆ ಹಾಕುತ್ತಿದ್ದರು. ಅದನ್ನು ಕಟ್ಟಲು ನೆರವಾಗಲೆಂದು ಹೆಬ್ಬಾಲೆ ಗ್ರಾಮದ ವರ್ಷದ 645 ನಿಷ್ಕದ ಹುಟ್ಟುವಳಿಯನ್ನು ಬಿಟ್ಟುಕೊಟ್ಟ. ಕನ್ನಡಿಗರಿಗಷ್ಟೇ ಅಲ್ಲ, ತೆಲಂಗಾಣ, ತುಳುನಾಡು ಮುಂತಾದ ಕಡೆಯವರಿಗೂ. ಜನರ ತೆರಿಗೆಯನ್ನು ತಾನು ಕಟ್ಟಿದ ದೊರೆ! ಅಂಥವನು ಇನ್ನೊಬ್ಬ ಹುಟ್ಟುವವರೆಗೆ ನಾವೇ ಕಟ್ಟೋಣ, ಕಟ್ಟಿದ್ದನ್ನು ಬರೆಯೋಣ, ಬರೆದದ್ದನ್ನು 30 ದಿನದೊಳಗೆ ಆಧಾರ್ ಓಟಿಪಿ ಕೊಟ್ಟು ಇ-ವೆರಿಫೈ ಮಾಡೋಣ. ಮಾಡದಿದ್ದರೆ ರಿಟರ್ನ್ಸ್ ಹಾಕಿಯೇ ಇಲ್ಲ ಅಂತ ಲೆಕ್ಕ. ಆಮೇಲೆ 5,000 ಈಸಿಕೊಳ್ಳಲು 234ಎಫ್ ಹೊಸಿಲಲ್ಲೇ ಕೂತಿರುತ್ತಾನೆ.