ಹನ್ನೆರಡರ ಸೆಟ್ಟಿನ ಗಂಡಸರು

ಗಿಟಾರ್ ಅಂಗಡಿಯ ಕೌಂಟರಿನ ಮುಂದೆ ನಿಂತು "ಹತ್ತರ ಸೆಟ್ ಕೊಡಪ್ಪಾ" ಅಂದರೆ ಅಂಗಡಿಯ ಹುಡುಗ "ಮಗಳಿಗಾ ಸಾರ್?" ಅನ್ನುತ್ತಾನೆ. ಅಷ್ಟರಲ್ಲಿ ಪಕ್ಕದಲ್ಲಿ ಕರಿ ಟೀ ಶರ್ಟ್ ತೊಟ್ಟು ಯಾವುದೋ ಪೆಡಲಿನ ಬೆಲೆ ಕೇಳುತ್ತಿದ್ದವನು ತಿರುಗಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹನ್ನೆರಡು ಹಾಕಿ ಅಂಕಲ್, ಟೋನ್ ಬರುತ್ತೆ" ಎಂದು ಪುಕ್ಕಟೆ ಸಲಹೆ ಕೊಡುತ್ತಾನೆ. ಐವತ್ತು ದಾಟಿದ ಮೇಲೆ ಗಿಟಾರ್ ಹಿಡಿದವನಿಗೆ ಇವೆರಡೂ ಅಭ್ಯಾಸವಾಗುತ್ತವೆ. ಅಭ್ಯಾಸವಾಗದೆ ಮೊಂಡು ಹಿಡಿಯುವುದು ಎಡಗೈ ಬೆರಳುಗಳು ಮಾತ್ರ.

ಈ ಹತ್ತು, ಹನ್ನೆರಡರ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ಸೆಟ್ಟಿನ ಹೆಸರು ನಿಂತಿರುವುದು ಅದರ ಅತಿ ತೆಳುವಾದ ತಂತಿಯ ಮೇಲೆ. ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 10 ಪಾಲು ದಪ್ಪದ್ದು ಹತ್ತರ ಸೆಟ್, 12 ಪಾಲಿನದು ಹನ್ನೆರಡರ ಸೆಟ್. ನಡುವಿನ ಅಂತರ ಅಕ್ಷರಶಃ ಒಂದು ಕೂದಲೆಳೆ. ಆದರೆ ಎರಡನ್ನೂ ಒಂದೇ ಶ್ರುತಿಗೆ ಬಿಗಿದಾಗ ಈ ಕೂದಲೆಳೆ ತನ್ನ ಬುದ್ಧಿ ತೋರಿಸುತ್ತದೆ: ಹನ್ನೆರಡರಿಂದ ಹತ್ತಕ್ಕೆ ಇಳಿದರೆ ಆ ತಂತಿಯ ಬಿಗಿತ ಶೇ. 30ರಷ್ಟು ಕಡಿಮೆಯಾಗುತ್ತದೆ. ಹನ್ನೆರಡರ ಸೆಟ್ಟಿನ ಆರೂ ತಂತಿ ಕೂಡಿ ಅಕೌಸ್ಟಿಕ್ ಗಿಟಾರಿನ ಕುತ್ತಿಗೆಯನ್ನು ಜಗ್ಗುವ ಬಲ 70 ಕೆ.ಜಿ.ಗೂ ಮಿಕ್ಕಿದ್ದು. ನನ್ನ ತೂಕ ಅದಕ್ಕಿಂತ ಕಮ್ಮಿ.

ಈ ಬಲವೆಲ್ಲ ಮೈಗೆ ತಿಳಿಯುವುದು ಎಫ್ ಕಾರ್ಡ್ ಹಿಡಿದಾಗ. ತೋರುಬೆರಳನ್ನು ಮೊದಲ ಫ್ರೆಟ್ಟಿನ ಪಕ್ಕ ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಬೇಕು. ಬೆರಳೇನೋ ಮಲಗುತ್ತದೆ. ಆದರೆ ದೇವರು ಬೆರಳಿಗೆ ಗೆಣ್ಣು ಇಟ್ಟಿದ್ದಾನಲ್ಲ, ಆ ಗೆಣ್ಣಿನ ಮಡಿಕೆ ಯಾವುದೋ ಒಂದು ತಂತಿಯ ನೇರಕ್ಕೇ ಬಂದು ಕೂರುತ್ತದೆ. ಉಳಿದವು ಹಾಡಿದರೆ ಅದೊಂದು "ಟಪ್" ಅನ್ನುತ್ತದೆ. ಒಂದು ಸಂಜೆ ನಾನು ಹೀಗೆ ಹನ್ನೆರಡರ ಸೆಟ್ಟಿನ ಮೇಲೆ ಎಫ್ ಸಾಧಿಸುತ್ತಿದ್ದಾಗ ಅಡುಗೆಮನೆಯಲ್ಲಿದ್ದ ಹೆಂಡತಿ ಹಲ್ಲಿ ಲೊಚಗುಟ್ಟಿತೆಂದು ಕಟ್ಟೆ ಕುಟ್ಟಿ "ಕೃಷ್ಣ ಕೃಷ್ಣ" ಅಂದಳು. ನಾನು ಮತ್ತೆ ನುಡಿಸಿದೆ. ಅವಳು ಮತ್ತೆ ಕುಟ್ಟಿದಳು. ಭಗವನ್ನಾಮ ಸ್ಮರಣೆಗಾದರೂ ನನ್ನ ಸಾಧನೆ ಒದಗಿತು.

ದಪ್ಪ ತಂತಿಯ ಪಂಥದವರಿಗೆ ಒಬ್ಬ ಕುಲದೇವರಿದ್ದಾನೆ, ಟೆಕ್ಸಸ್‌ನ ಸ್ಟೀವಿ ರೇ ವಾನ್. ಎಲೆಕ್ಟ್ರಿಕ್ ಗಿಟಾರಿಗೆ ಹದಿಮೂರರ ಸೆಟ್ ಹಾಕಿ ನುಡಿಸಿದ ಮಹಾನುಭಾವ. ಆತನ ಹೆಸರೆತ್ತಿ ಮೀಸೆ ತಿರುವುವವರು ಎರಡು ಸಂಗತಿ ಮರೆಯುತ್ತಾರೆ. ಆತ ಶ್ರುತಿಯನ್ನು ಅರ್ಧ ಸ್ವರ ಕೆಳಗಿಳಿಸಿಕೊಂಡಿದ್ದ. ಅಷ್ಟಾದರೂ ಬೆರಳ ತುದಿಯ ಚರ್ಮ ಕಿತ್ತುಬಂದು ಸೂಪರ್ ಗ್ಲೂ ಹಚ್ಚಿಕೊಳ್ಳಬೇಕಾಗುತ್ತಿತ್ತು. ಫೆವಿಕ್ವಿಕ್ ಹಚ್ಚಿಕೊಂಡು ಸಂಗೀತ ಕಲಿಯುವ ವಯಸ್ಸು ನನ್ನದಲ್ಲ.

ನನ್ನ ಪಂಥದ ದೇವರುಗಳು ಬೇರೆ. ಝಡ್‌ಝಡ್ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ ಮೊದಲು ದಪ್ಪ ತಂತಿಯ ಭಕ್ತನೇ. ಬಿ.ಬಿ. ಕಿಂಗ್ ಒಮ್ಮೆ ಆತನ ಗಿಟಾರ್ ಇಸಿದುಕೊಂಡು ನುಡಿಸಿ ನೋಡಿ, ಯಾಕಪ್ಪಾ ಇಷ್ಟೊಂದು ಕಷ್ಟಪಡುತ್ತೀ ಎಂಬರ್ಥದ ಮಾತಾಡಿದರಂತೆ. ಗಿಬ್ಬನ್ಸ್ ಇಳಿಯುತ್ತಾ ಇಳಿಯುತ್ತಾ ಏಳರ ಸೆಟ್ಟಿಗೆ ಬಂದು ನಿಂತ. ಎದೆಯವರೆಗೆ ಗಡ್ಡ ಬಿಟ್ಟ ಗಂಡಸು, ಏಳರ ಸೆಟ್! ಅವನ ನಾದ ತೆಳು ಎಂದು ಯಾರೂ ದೂರಿದ್ದು ನಾನು ಕೇಳಿಲ್ಲ.

ಇನ್ನೊಬ್ಬರು ಬ್ಲ್ಯಾಕ್ ಸಬ್ಬಾತ್‌ನ ಟೋನಿ ಅಯೋಮಿ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ, 17ನೇ ವಯಸ್ಸಿನಲ್ಲಿ, ಕೆಲಸದ ಕೊನೆಯ ದಿನವೇ ಬಲಗೈಯ ಎರಡು ಬೆರಳ ತುದಿ ಹೋದವು. ಎಡಚರಾದ್ದರಿಂದ ತಂತಿ ಒತ್ತುವ ಕೈಯೂ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಆ ಕಾಲಕ್ಕೆ ತೆಳು ಗಿಟಾರ್ ತಂತಿ ಸಿಗದೆ ಬ್ಯಾಂಜೋ ತಂತಿ ಹಾಕಿಕೊಂಡರು. ಮುಂದೆ ಬೆರಳಿಗೆ ಇನ್ನಷ್ಟು ಆರಾಮವಾಗಲೆಂದು ಶ್ರುತಿಯನ್ನೂ ಇಳಿಸಿದರು. ಹೆವಿ ಮೆಟಲ್ ಎಂದು ಜಗತ್ತೇ ಕರೆಯುವ ಆ ಭಾರದ ನಾದ ಹೊರಟದ್ದು ಸಡಿಲು ಬಿಟ್ಟ ತೆಳು ತಂತಿಗಳಿಂದ. ಕರಿ ಟೀ ಶರ್ಟಿನವನ ಎದೆಯ ಮೇಲೆ ಅಚ್ಚಾಗಿದ್ದದ್ದೂ ಅದೇ ತಂಡದ ಹೆಸರು. ಹೇಳೋಣವೆಂದುಕೊಂಡೆ, ಅವನು ಪೆಡಲಿಗೆ ಚೌಕಾಸಿ ಮಾಡುತ್ತಿದ್ದ, ಸುಮ್ಮನಾದೆ.

ಈಗ ತೆಳು ಸೆಟ್ ಅಂಗಡಿಯಲ್ಲಿ ಸಿಗುತ್ತಿರುವುದಕ್ಕೂ ಮಕ್ಕಳ ಬೆರಳಿನ ನೋವೇ ಕಾರಣ. ಕ್ಯಾಲಿಫೋರ್ನಿಯಾದಲ್ಲಿ ಗಿಟಾರ್ ಅಂಗಡಿ ಇಟ್ಟಿದ್ದ ಎರ್ನಿ ಬಾಲ್ ಎಂಬಾತ, ಕಲಿಯುವ ಹುಡುಗರು ಮೂರನೇ ತಂತಿಯ ದಪ್ಪಕ್ಕೆ ಸೋತು ಸುಣ್ಣವಾಗುವುದನ್ನು ನೋಡಿದ. ತೆಳು ಸೆಟ್ ಮಾಡಿ ಎಂದು ದೊಡ್ಡ ಕಂಪನಿಗೆ ಹೇಳಿದರೆ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ತಾನೇ ಮಾಡಿಸಿ 1962ರಲ್ಲಿ ಸ್ಲಿಂಕಿ ಎಂಬ ಹೆಸರಿಟ್ಟು ಮಾರಿದ. ಉಳಿದದ್ದು ಚರಿತ್ರೆ, ಮತ್ತು ಪ್ರತಿ ಅಂಗಡಿಯ ಗೋಡೆಯಲ್ಲಿ ನೇತಾಡುವ ಬಣ್ಣಬಣ್ಣದ ಪ್ಯಾಕೆಟ್ಟು.

ನ್ಯಾಯವಾಗಿ ಒಂದು ಮಾತು ಒಪ್ಪಬೇಕು. ಅಕೌಸ್ಟಿಕ್ ಗಿಟಾರಿಗೆ ಆಂಪ್ಲಿಫೈಯರ್ ಇಲ್ಲ. ಮುಂದಿನ ಹಲಗೆಯನ್ನು ಅಲುಗಿಸಬೇಕಾದ್ದು ತಂತಿಯೇ. ಅಲ್ಲಿ ಹನ್ನೆರಡು ಹಾಕಿದರೆ ಸದ್ದು ತುಂಬಿ ಬರುವುದು ನಿಜ. ಆದರೆ ನಾನು ನುಡಿಸುವುದು ಎರಡು ಬೆಡ್‌ರೂಮಿನ ಮನೆಯಲ್ಲಿ. ಇಲ್ಲಿ ಸದ್ದು ಸಾಲದು ಎಂದವರು ಇನ್ನೂ ಯಾರೂ ಇಲ್ಲ.

ಲೋಹದ ವಿಚಾರಕ್ಕೆ ಹೋದರೆ ಅದು ಬೇರೆಯದೇ ಪುರಾಣ. 80–20 ಬ್ರಾಂಜ್ ಎಂದು ಮಾರುವುದು ತಾಮ್ರ, ಸತುವಿನ ಮಿಶ್ರಣ, ಅಂದರೆ ಹಿತ್ತಾಳೆ. ಹೊಸದರಲ್ಲಿ ಗರಿಗರಿ, ಬೇಗ ಮಂಕು. ಫಾಸ್ಫರ್ ಬ್ರಾಂಜ್ ತುಸು ಬೆಚ್ಚಗಿನ ನಾದದ್ದು, ಬಾಳಿಕೆಯೂ ಸ್ವಲ್ಪ ಹೆಚ್ಚು. ಮೇಲೆ ಪಾಲಿಮರ್ ಪೊರೆ ಬಳಿದದ್ದು ಬೆರಳಿಗೆ ನುಣುಪು, ಜೇಬಿಗೆ ಒರಟು. ಮಂಗಳೂರಿನಲ್ಲಿರುವ ನನ್ನ ಷಡ್ಡಕ ಇದನ್ನು ಬಿಟ್ಟು ಬೇರೆ ಹಾಕುವುದಿಲ್ಲ. ಕಡಲಗಾಳಿ, ಸೆಕೆ, ಅಂಗೈ ಬೆವರು ಮೂರೂ ಸೇರಿದರೆ ಬರೀ ತಂತಿಗೆ ತುಕ್ಕು ಹಿಡಿಯಲು ತಿಂಗಳೂ ಬೇಡ.

ಬೇಸ್ ಗಿಟಾರ್ ನನ್ನ ಕೈಗೆ ಬಂದದ್ದು ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಆರ್ಕೆಸ್ಟ್ರಾದಿಂದ. "ನಾಲ್ಕೇ ತಂತಿ ಸಾರ್, ನಿಮಗೆ ಸುಲಭ" ಎಂದರು ಕಾರ್ಯದರ್ಶಿಗಳು. ನಾಲ್ಕೇ ನಿಜ, ಆದರೆ ಅತಿ ದಪ್ಪನೆಯದು 105 ಪಾಲಿನದು, ಸೇತುವೆಯಿಂದ ನಟ್‌ವರೆಗೆ 34 ಅಂಗುಲ. ಇಲ್ಲಿ ದಪ್ಪಕ್ಕಿಂತ ಮುಖ್ಯವಾದದ್ದು ತಂತಿಯ ಮೈ. ರೌಂಡ್‌ವೌಂಡ್ ಎಂದರೆ ಒಳಗಿನ ಉಕ್ಕಿನ ಎಳೆಗೆ ದುಂಡು ತಂತಿ ಸುತ್ತಿದ್ದು. ಕೈ ಜಾರಿಸಿದರೆ ಕಿರ್ರ್ ಅನ್ನುತ್ತದೆ, ಬೆರಳನ್ನು ಅರದಂತೆ ಉಜ್ಜುತ್ತದೆ, ನಾದ ಮಾತ್ರ ಝಣಝಣ. 1966ರಲ್ಲಿ ದಿ ಹೂ ತಂಡದ ಜಾನ್ ಎಂಟ್‌ವಿಸಲ್ ಜೊತೆ ಕೂತು ರೋಟೋಸೌಂಡ್‌ನವರು ಇದನ್ನು ಹದಗೊಳಿಸಿದರು. ಫ್ಲಾಟ್‌ವೌಂಡ್‌ನಲ್ಲಿ ಸುತ್ತುವುದು ಚಪ್ಪಟೆ ಪಟ್ಟಿ. ಮೈ ನುಣ್ಣಗೆ, ನಾದ "ಧುಂ" ಎಂದು ಹುಟ್ಟಿ ಅಲ್ಲೇ ಅಡಗುತ್ತದೆ. ರಾಜನ್–ನಾಗೇಂದ್ರರ ಹಾಡುಗಳಿಗೆ ನನ್ನ ಕಿವಿ ಕೇಳುವುದು ಈ ಧುಂ ಅನ್ನೇ.

ಮೋಟೌನ್‌ನ ಜೇಮ್ಸ್ ಜೇಮರ್ಸನ್ ಫ್ಲಾಟ್ ಹಾಕಿದವರು ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ತಂತಿಯ ಮೇಲಿನ ಕೊಳೆಯಲ್ಲೇ ನಾದವಿದೆ ಎಂಬ ನಂಬಿಕೆ. ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಹಾಕುವುದೂ ಫ್ಲಾಟೇ, ಆದರೆ ಪ್ರತಿ ಕಛೇರಿಗೂ ಹೊಸದು. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನುಡಿಸಿದಾಗ ನನ್ನ ಅಕ್ಕನ ಮಗ ಮುಂದಿನ ಸಾಲಿನಲ್ಲಿದ್ದ. ಆ ಕುದುರೆ ಓಟದ ಬೇಸ್ ನುಣ್ಣನೆಯ ತಂತಿಯಿಂದ ಬಂತೆಂದು ಹೇಳಿದರೆ ಅವನು ಇವತ್ತಿಗೂ ನಂಬುವುದಿಲ್ಲ. ನಾನು ಜೇಮರ್ಸನ್ ಪಕ್ಷ. ಫ್ಲಾಟ್ ಸೆಟ್ಟಿನ ಬೆಲೆ ಕೇಳಿದ ಯಾವ ಗೃಹಸ್ಥನಾದರೂ ಅದೇ ಪಕ್ಷ ಸೇರುತ್ತಾನೆ.

ಹೊಸದಾಗಿ ಕೊಳ್ಳುವವರಿಗೆ ನನ್ನ ತೀರ್ಪು: ಅಕೌಸ್ಟಿಕ್ಕಿಗೆ ಹತ್ತು ಇಲ್ಲವೇ ಹನ್ನೊಂದು, ಎಲೆಕ್ಟ್ರಿಕ್ಕಿಗೆ ಒಂಬತ್ತು, ಬೇಸಿಗೆ ಫ್ಲಾಟ್. ಅದಕ್ಕೂ ಮೊದಲು ಫ್ರೆಟ್ಟಿನಿಂದ ತಂತಿ ಎಷ್ಟು ಎತ್ತರದಲ್ಲಿದೆ ಎಂದು ನೋಡಿಸಿ. ಅಗ್ಗದ ಗಿಟಾರಿನಲ್ಲಿ ಅರ್ಧ ನೋವು ಆ ಎತ್ತರದ್ದೇ. ಸೆಟ್ ಬದಲಿಸಿದ ಮೇಲೆ ಕುತ್ತಿಗೆಯ ಬಾಗು ಬದಲಾಗಿ ತಂತಿ ಜುಯ್‌ಗುಟ್ಟಿದರೆ ಹೆದರಬೇಡಿ, ಒಳಗಿನ ಸರಳನ್ನು ಬಲ್ಲವರಿಂದ ಸ್ವಲ್ಪ ತಿರುಗಿಸಿಕೊಳ್ಳಿ. ಮತ್ತೆ, ಕತ್ತರಿಸಿದ ತಂತಿಯ ತುದಿಗಳನ್ನು ಆಗಿಂದಾಗಲೇ ಗುಡಿಸಿ ಹಾಕಿ. ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವ ಜನ. ಆ ಪ್ಯಾಕೆಟ್ಟಿನ ಮೇಲೆ ಸೂಚನೆ ಬರೆಯುವವರಿಗೆ ಇದು ಗೊತ್ತಿಲ್ಲ.