ಜಾರಿ ಜಾರಿ

ನ್ಯೂಜೆರ್ಸಿ, 2024. ಅಳಿಯ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ವಿಭಾಗದ ಮುಖ್ಯಸ್ಥ. ಹಾಸನದಿಂದ ಬಂದ ಮಾವ ಎರಡನೇ ಕಾಫಿಯಲ್ಲಿದ್ದಾರೆ.

ಮಾವ: ಇಷ್ಟು ವರ್ಷ ಆಸ್ಪತ್ರೇಲಿ ಏನೋ ತಯಾರಿ ಅಂತಿದ್ರಲ್ಲ, ಏನಪ್ಪಾ ಅದು?

ಅಳಿಯ: ಇಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಇರೋ ರೋಗಿಗೆ ಸಿ.ಟಿ., ಎಂ.ಆರ್.ಐ. ಬರೆಯೋ ಮುಂಚೆ ಡಾಕ್ಟರು ಕಂಪ್ಯೂಟರನ್ನ 'ಇದು ಬೇಕಾ?' ಅಂತ ಕೇಳಬೇಕು. 2014ರ ಕಾನೂನು.

ಮಾವ: ಅದು ಬೇಡ ಅಂದ್ರೆ?

ಅಳಿಯ: ಆದ್ರೂ ತೆಗೀಬಹುದು. ಬಿಲ್ಲಲ್ಲಿ 'ಬೇಡ ಅಂತು' ಅನ್ನೋ ಕೋಡ್ ಹಾಕಿದ್ರೆ ದುಡ್ಡೂ ಬರುತ್ತೆ.

ಮಾವ: ಓ, ನಿಮ್ಮತ್ತೆ ನನ್ನನ್ನ ಕೇಳಿ ಸೀರೆ ತಗೊಳ್ಳೋ ಹಾಗೆ. ಕೇಳದೇ ಬರೆದ್ರೆ ಆ ಡಾಕ್ಟರಿಗೆ ದಂಡಾನಾ?

ಅಳಿಯ: ಇಲ್ಲ, ಸ್ಕ್ಯಾನ್ ಮಾಡಿದ ನಮಗೆ ದುಡ್ಡಿಲ್ಲ.

ಮಾವ: ಭೇಷ್! ಬರೆದೋನು ಅವನು, ಬರೆ ನಿಮಗೆ. ಜಾರಿ ಯಾವಾಗ?

ಅಳಿಯ: 2017 ಅಂದ್ರು, 2018 ಅಂದ್ರು. 2020ರಲ್ಲಿ ಬರೀ ಅಭ್ಯಾಸ. ದಂಡ 2021ಕ್ಕೆ, ಅಲ್ಲ 2022ಕ್ಕೆ, ಅಲ್ಲ 2023ಕ್ಕೆ...

ಮಾವ: ಜಾರಿ ಜಾರಿ ಎಲ್ಲಿ ಬಿತ್ತು?

ಅಳಿಯ: ಈ ಜನವರಿ 1ಕ್ಕೆ ನಿಯಮಾನೇ ವಾಪಸ್.

(ಅಳಿಯನ ಕಾಫಿ ಆರಿದ್ದು ಇಲ್ಲೇ.)

ಮಾವ: ತಂತ್ರಾಂಶ, ತರಬೇತಿಗೆ ಸುರಿದ ದುಡ್ಡು?

ಅಳಿಯ: ದಂಡ.

ಮಾವ: ಅಂತೂ ದಂಡ ಜಾರಿಗೆ ಬಂತು! 'ಈ ನಿಯಮ ಬೇಕಾ' ಅಂತ ಆ ಕಂಪ್ಯೂಟರನ್ನೇ ಕೇಳಬಹುದಿತ್ತಲ್ಲ?

ಅಳಿಯ: ಬೇಡ ಅಂದಿದ್ರೂ ಮಾಡ್ತಿದ್ರು ಮಾವ. ಕೋಡ್ ಇತ್ತಲ್ಲ.

ಮಾವ: ಹೋಗ್ಲಿ, ಕಾನೂನಾದ್ರೂ ತೊಲಗಿತಾ?

ಅಳಿಯ: ಇಲ್ಲ. ನಿಯಮ ಮಾತ್ರ ಹೋಯ್ತು. ಕಾನೂನು ಪುಸ್ತಕದಲ್ಲಿ ಹಾಗೇ ಇದೆ.