ಪೇಪರ್ ಮಾರುತ್ತಿದ್ದ ಹುಡುಗ

ಬೆಳಿಗ್ಗೆ ಏಳಕ್ಕೆ ಕಾಂಪೌಂಡ್ ಗೋಡೆಯಾಚೆ ದೋಟಿ ಎದ್ದಿತೆಂದರೆ ಪಕ್ಕದ್ಮನೆ ರಾಯರು ನಮ್ಮ ದಾಸವಾಳಕ್ಕೆ ಬಂದರೆಂದೇ ಲೆಕ್ಕ. ಹೂವು ದೇವರಿಗೆ, ಮಾತು ನನಗೆ. ಎಲ್ಲಿಂದ ಶುರುವಾದರೂ ಅದು ಹೋಗಿ ನಿಲ್ಲುವುದು ನಾಟಕದ ಮಾಸ್ಟರ್ ಹಿರಣ್ಣಯ್ಯನವರ ಹತ್ತಿರ.

"ಇಲ್ಲೇ, ನಮ್ಮ ಶಾರದಾ ವಿಲಾಸದಲ್ಲೇ ಇಂಟರ್‌ಮೀಡಿಯೆಟ್ ಓದಿದ್ದು ಕಣಯ್ಯಾ. ಫೀಸಿಗೋಸ್ಕರ ಬೆಳಿಗ್ಗೆ ಪೇಪರ್ ಮಾರ್ತಿದ್ರು. ನಮ್ಮನೆ ಜಗಲಿಗೆ ಎಸೀತಿದ್ದೋರೂ ಅವರೇ ಇರ್ಬೇಕು."

"ಸುಮ್ನಿರಿ ಸಾಕು," ಒಳಗಿನಿಂದ ಅವರ ಹೆಂಡತಿ. "ಮಾವನೋರು ಜನ್ಮದಲ್ಲಿ ಪೇಪರ್ ತರಿಸಿದೋರಲ್ಲ. ಪಕ್ಕದ್ಮನೇದೇ ಓದ್ತಿದ್ರಂತೆ."

ರಾಯರಿಗೆ ಇದೆಲ್ಲ ಕಿವಿಗೆ ಬೀಳುವುದಿಲ್ಲ. ಹಿರಣ್ಣಯ್ಯನವರ ಹುಟ್ಟು ಹೆಸರು ನರಸಿಂಹಮೂರ್ತಿ, 1934ರಲ್ಲಿ ಮೈಸೂರಲ್ಲೇ ಹುಟ್ಟಿದ್ದು, ತಂದೆ ಕೆ. ಹಿರಣ್ಣಯ್ಯ 1953ರಲ್ಲಿ ಮಡಿಕೇರಿಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತೊಂಬತ್ತು. ಆ ವಯಸ್ಸಿಗೆ ಹೆಗಲಿಗೆ ಬಿದ್ದದ್ದು ನಾಟಕ ಕಂಪನಿ. ಇಷ್ಟನ್ನು ಒಂದೇ ಉಸಿರಿಗೆ ಹೇಳಿ, ದೋಟಿಯನ್ನು ಗೋಡೆಗೆ ಒರಗಿಸಿದರೆಂದರೆ ಅವರ 'ಲಂಚಾವತಾರ' ನಾಟಕ ನೋಡಿದ ಕಥೆ ಶುರು.

ರಾಯರು ಆಗ ಗುಮಾಸ್ತರು. ಮೇಜಿನ ಕೆಳಗೆ ಏನೇನು ನಡೆಯುತ್ತದೆಂದು ಬಲ್ಲವರು. ಅಂದು ರಾತ್ರಿ ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡಿತ್ತಂತೆ. ಬರೆದಿಟ್ಟ ಮಾತಿಗಿಂತ ಅಂದಿನ ಪೇಪರಿನ ಸುದ್ದಿ ಹಿಡಿದು ಆಡಿದ ಮಾತಿಗೇ ಹೆಚ್ಚು ಚಪ್ಪಾಳೆ. ಮುಂದಿನ ಸಾಲಿನಲ್ಲಿ ಮಂತ್ರಿ ಕೂತಿದ್ದರೂ ಬಿಡದ ಬಾಯಿ ಅದು. ನನ್ನ ಕೇಳಿದರೆ, ಆ ಹುಡುಗ ಪೇಪರ್ ಮಾರುವುದನ್ನು ಬಿಡಲೇ ಇಲ್ಲ. ಬೆಳಗಿನ ಕೆಲಸವನ್ನು ರಾತ್ರಿಗೆ ಹಾಕಿಕೊಂಡ, ಅಷ್ಟೆ.

ನಾಟಕ ಮುಗಿದ ಮೇಲೆ ರಾಯರು ಪೇಪರಿನ ಕಥೆ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಣ್ಣದ ಕೋಣೆಗೆ ನುಗ್ಗಿದರು. ಅಲ್ಲಿ ಬೆವರಿಗೆ ಬನಿಯನ್ ಅಂಟಿಕೊಂಡ ಒಬ್ಬ ಮನುಷ್ಯ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಾ ಕೂತಿದ್ದಾರೆ. ಮೂರು ಗಂಟೆ ಹೊತ್ತು ಸುಮ್ಮನಿರದ ಬಾಯಿ ಈಗ ಮುಚ್ಚಿದೆ. ಅರ್ಧ ಮುಖ ಪಾತ್ರದ್ದು, ಅರ್ಧ ಅವರದ್ದು. ಅದನ್ನು ನೋಡಿದ್ದೇ ರಾಯರಿಗೆ ಗಂಟಲು ಕಟ್ಟಿತು. ಕೈ ಹಿಡಿದುಕೊಂಡು ಗಳಗಳ ಅತ್ತುಬಿಟ್ಟರು. ಅವರೂ ಕೈ ಬಿಡಿಸಿಕೊಳ್ಳಲಿಲ್ಲ.

"ಮಾತಾಡ್ಲಿಲ್ವಾ?"

"ಏನಂತ ಮಾತಾಡ್ಲಿ? ಅಂಗಿ ತೋಳಿಗೆಲ್ಲ ಬಣ್ಣ ಮೆತ್ಕೊಂಡಿತ್ತು."

"ಮೂರು ಸಲ ಒಗೆದಿದೀನಿ," ಒಳಗಿನಿಂದ ಬಂತು.

ಹಿರಣ್ಣಯ್ಯನವರು ಹೋದದ್ದು 2019ರ ಮೇ 2ರಂದು. ಮಾರನೇ ದಿನ ರಾಯರು ದೋಟಿ ತರಲಿಲ್ಲ. ಗೋಡೆಯ ಮೇಲಿಂದ ಕೈ ಚಾಚಿ ನಮ್ಮ ಪೇಪರ್ ಕೇಳಿದರು. ಅದಿನ್ನೂ ವಾಪಸ್ ಬಂದಿಲ್ಲ.